ಲಿಂಕ್ ಬಂತು, ಬೀಗದ ಕೈ ಬರಲಿಲ್ಲ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯ ಒಂದು ಆರೋಗ್ಯ ಕೇಂದ್ರಕ್ಕೆ ನಾನು ಗುತ್ತಿಗೆ ಸ್ಟಾಫ್ ನರ್ಸ್ ಆಗಿ ಸೇರಿದ್ದು 2020ರ ಲಾಕ್‌ಡೌನ್ ನಡುವೆ. ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿದ್ದವರೆಲ್ಲ ನನ್ನಷ್ಟೇ ಪಾಡುಪಟ್ಟವರು. ಆನ್‌ಲೈನ್ ತರಬೇತಿ ಕೊಟ್ಟರೆ ಹಳ್ಳಿ ಆಸ್ಪತ್ರೆಯ ಸಿಬ್ಬಂದಿ ಬೇಗ ತಯಾರಾಗುತ್ತಾರೆ, ಬಿಟ್ಟೂ ಹೋಗುವುದಿಲ್ಲ ಎಂಬ ಮಾತು ಈಗ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ಆ ಮಾತು ಆಡುವವರಲ್ಲಿ ಅಂಥ ತರಬೇತಿಯ ಮೇಲೆ ನೈಟ್ ಡ್ಯೂಟಿ ಮಾಡಿದವರು ಕಡಿಮೆ. ನಾನು ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನೂರು ನ್ಯಾಮತಿ ಕಡೆ. ಹೆಸರಿಗೆ ಒಂದೇ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮ್ಮ ಕಡೆಯ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಇಂದಿಗೂ ಈ ಎರಡು ಕಡೆಯವರಿಗೆ ಪರಸ್ಪರ ಬಳಕೆ ಅಷ್ಟಕ್ಕಷ್ಟೆ. ನಮ್ಮ ಕಡೆ ಅಡಿಕೆ, ಕಾಲುವೆ, ಹೊಳೆ. ಇಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಅದೂ ಮಳೆ ಬಂದರೆ. ಜಗಳೂರಿಗೆ ಹೋಗುತ್ತೇನೆ ಎಂದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ್ದು: "ಅಲ್ಲಿ ನೀರು ಸಿಗುತ್ತೇನಮ್ಮ?" ಕೊಳವೆಬಾವಿ ನೀರು ಸಿಗುತ್ತಿತ್ತು. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗಬೇಕಿತ್ತು.

ಬೇರೆ ಕಾಲವಾಗಿದ್ದರೆ ಹೊಸದಾಗಿ ಸೇರಿದ ನರ್ಸ್‌ಗಳನ್ನು ಜಿಲ್ಲಾ ಕೇಂದ್ರಕ್ಕೆ ಕರೆಸುತ್ತಿದ್ದರು. ಹೆರಿಗೆ ಮಾಡಿಸುವ ನರ್ಸ್‌ಗೆ ಎಸ್‌ಬಿಎ ತರಬೇತಿ ಎಂದು 21 ದಿನದ್ದಿದೆ. ದೊಡ್ಡ ಆಸ್ಪತ್ರೆಯ ಲೇಬರ್ ರೂಮಿನಲ್ಲಿ ನಿಂತು, ಹಿರಿಯರ ಕೈಕೆಳಗೆ ಕಲಿಯುವುದು. ಕೋವಿಡ್ ಬಂದು ಅದೆಲ್ಲ ನಿಂತಿತ್ತು. ಜಾಯಿನಿಂಗ್ ರಿಪೋರ್ಟ್ ಕೊಟ್ಟ ಸಂಜೆಯೇ ನನ್ನನ್ನು ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದರು. ಗ್ರೂಪಿನ ತುಂಬ ನೀಲಿ ಅಕ್ಷರದ ಲಿಂಕುಗಳು. ಆ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಗಾಟ್ ದೀಕ್ಷಾ ಎಂಬ ಜಾಲತಾಣ ತೆರೆದಿತ್ತು. ಡಾಕ್ಟರು, ನರ್ಸ್, ಆಶಾ, ಎನ್‌ಸಿಸಿ ಹುಡುಗರವರೆಗೆ ಎಲ್ಲರಿಗೂ ಕೋವಿಡ್ ಪಾಠ. ಪಿಪಿಇ ಹಾಕುವುದು, ತೆಗೆಯುವುದು, ಪ್ರತ್ಯೇಕವಾಸ, ತೀವ್ರ ನಿಗಾ ಘಟಕ, ವೆಂಟಿಲೇಟರ್. ಪಿಪಿಇ ಪಾಠ ನಿಜಕ್ಕೂ ಕೈಹಿಡಿಯಿತು. ಪಿಪಿಇ ತೆಗೆಯುವಾಗಲೇ ಸೋಂಕು ಅಂಟುವುದು ಹೆಚ್ಚು ಎಂದು ನನಗೆ ಮೊದಲು ತಿಳಿಸಿದ್ದು ಆ ಪಾಠವೇ. ವೆಂಟಿಲೇಟರ್ ಪಾಠವನ್ನೂ ಮುಗಿಸಿದೆ. ನಮ್ಮಲ್ಲಿ ಇದ್ದದ್ದು ಎರಡು ಆಕ್ಸಿಜನ್ ಸಿಲಿಂಡರ್.

ಆಮೇಲೆ ಲಿಂಕುಗಳು ನಿಲ್ಲಲೇ ಇಲ್ಲ. ಈ ಆ್ಯಪ್, ಆ ಆ್ಯಪ್, ಮೂರನೆಯದಕ್ಕೆ ಬೇರೆ ಪಾಸ್‌ವರ್ಡ್. ಮಧ್ಯಾಹ್ನ ಒಂದು ಸಂದೇಶ ಬರುತ್ತಿತ್ತು: ಇಂದು ಸಂಜೆಯೊಳಗೆ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಾಕಿ. ಆ ಹೊತ್ತಿಗೆ ಹೊರಗೆ ಬೆಂಗಳೂರಿನಿಂದ ವಾಪಸಾದವರ ಸಾಲು, ಒಳಗೆ ಒಬ್ಬಳು ಬಸುರಿ ನೋವು ತಿನ್ನುತ್ತಿದ್ದಾಳೆ. ಒಟಿಪಿ ಬರಬೇಕಾದರೆ ಆವರಣದ ಬೇವಿನ ಮರದ ಕಟ್ಟೆಗೆ ಹೋಗಬೇಕು, ಬಂದ ಒಟಿಪಿ ಒಳಗೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಡೇಟಾ ನಮ್ಮದೇ ದುಡ್ಡು. ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದ ಕಾಲ ಅದು. ಫೋನು ಕಿಟಕಿಗೆ ಒರಗಿಸಿದ್ದರೆ ವಿಡಿಯೋ ತಾನೇ ಓಡುತ್ತಿತ್ತು, ನಾವು ಡ್ರೆಸ್ಸಿಂಗ್ ಮಾಡುತ್ತಿದ್ದೆವು. ಕೊನೆಯ ಪ್ರಶ್ನೆಗಳಿಗೆ ತಪ್ಪು ಒತ್ತಿದರೆ ಮತ್ತೆ ಒತ್ತಬಹುದಿತ್ತು, ಸರಿಯಾಗುವವರೆಗೂ ಒತ್ತಬಹುದಿತ್ತು. ತಾಲ್ಲೂಕಿನ ವರದಿಯಲ್ಲಿ ನೂರಕ್ಕೆ ನೂರು ತರಬೇತಿ ಆಗಿದೆ ಎಂದು ಬಂದಾಗ ಯಾರಿಗೂ ಅಚ್ಚರಿಯಾಗಲಿಲ್ಲ.

ಹಾಗೆಂದು ಎಲ್ಲವನ್ನೂ ಹಳಿಯಲಾರೆ. ಹುಟ್ಟಿದ ಕೂಸು ಅಳದಿದ್ದರೆ ಏನು ಮಾಡಬೇಕು ಎಂಬ ಒಂದು ಪುಟ್ಟ ವಿಡಿಯೋ ಇತ್ತು, ಕನ್ನಡದಲ್ಲೇ. ಒರೆಸು, ಬೆನ್ನು ಉಜ್ಜು, ಉಸಿರು ಬರದಿದ್ದರೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡು. ನರ್ಸಿಂಗ್ ಓದುವಾಗ ಪರೀಕ್ಷೆಗೆ ಬರೆದದ್ದೇ. ಆದರೆ ಮಾಸ್ಕ್ ಮುಖಕ್ಕೆ ಹೇಗೆ ಕೂರಬೇಕು, ಎದೆ ಎಷ್ಟು ಏಳಬೇಕು ಎಂದು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡಲು ಸಿಕ್ಕಿದ್ದು ಫೋನಿನಲ್ಲೇ. ಸೇರಿದ ಮೇಲಿನ ಮೊದಮೊದಲ ಹೆರಿಗೆಗಳಲ್ಲೇ ಒಂದು ಕೂಸು ಹಾಗೆ ನೀಲಿಗಟ್ಟಿ ಬಂತು. ವಿಡಿಯೋದಲ್ಲಿ ಕಂಡಂತೆ ಮಾಡಿದೆ, ಅತ್ತಿತು. ಆ ಪಾಠ ಮಾಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಇನ್ನು ನಮ್ಮ ಆರೋಗ್ಯ ಕೇಂದ್ರದೊಳಗಿನ ತರಬೇತಿ. ಅದನ್ನು ಕೊಟ್ಟದ್ದು ಅಲ್ಲಿನ ಆಯಾ, ನಮ್ಮೆಲ್ಲರ ಆಯಮ್ಮ. ಎಷ್ಟೋ ಡಾಕ್ಟರುಗಳು ಬಂದು ಹೋದುದನ್ನು ಕಂಡವರು, ಯಾವ ಸರ್ಟಿಫಿಕೇಟೂ ಇಲ್ಲದವರು. ಮೊದಲ ನೈಟ್ ಡ್ಯೂಟಿಗೆ ಅವರೇ ಲಾಟೀನು ಹಿಡಿದವರಂತೆ ಮುಂದೆ ನಡೆದು ತೋರಿಸಿದರು. "ನೋಡ್ರಿ ಸಿಸ್ಟರ್, ಈ ಸಿಲಿಂಡರ್ ತುಂಬೈತಿ, ಆ ಕಡೇದು ಖಾಲಿ, ನಂಬಬ್ಯಾಡ್ರಿ. ತಿರುಗ್ಸೋ ಪಾನಾ ಕಿಟಕಿ ಮ್ಯಾಲೈತಿ. ಜನರೇಟರ್‌ಗೆ ಡೀಸೆಲ್ ಯಾವಾಗ್ಲೂ ಇರಂಗಿಲ್ಲ, ಟಾರ್ಚು ಚಾರ್ಜ್ ಮಾಡ್ಕೊಂಡಿರ್ರಿ. ಲೇಬರ್ ರೂಮಿನ ಫ್ರಿಜ್ ಕೆಟ್ಟು ವರ್ಷ ಆತು. ಸೂಜಿಮದ್ದು ಫಾರ್ಮಸಿ ಫ್ರಿಜ್ಜಿನಾಗ ಇರ್ತೈತಿ."

"ಫಾರ್ಮಸಿ ಬೀಗದ ಕೈ?"

"ಅವ್ರು ಸಂಜೀಕೆ ಮನೀಗೆ ಒಯ್ತಾರ."

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹೆರಿಗೆಯಾದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಚುಚ್ಚಬೇಕು. ಗರ್ಭಕೋಶ ಬಿಗಿಯುವುದಕ್ಕೆ, ರಕ್ತ ನಿಲ್ಲುವುದಕ್ಕೆ ಅದೇ ಮುಖ್ಯ ಮದ್ದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜಗಳೂರಿನ ಬೇಸಿಗೆಯಲ್ಲಿ ಟ್ರೇಯಲ್ಲಿ ಬಿಟ್ಟರೆ ಸತ್ವ ಹೋಗುತ್ತದೆ. ಇಷ್ಟನ್ನೂ ವಿಡಿಯೋ ಹೇಳುತ್ತಿತ್ತು, ಪ್ರಶ್ನೆಯನ್ನೂ ಕೇಳುತ್ತಿತ್ತು: ಆಕ್ಸಿಟೋಸಿನ್ ಎಲ್ಲಿಡಬೇಕು? ಉತ್ತರ: ಫ್ರಿಜ್‌ನಲ್ಲಿ. ಸರಿ ಉತ್ತರ, ಹಸಿರು ಗುರುತು. ಫ್ರಿಜ್ ಇರುವ ಕೋಣೆಯ ಬೀಗ ರಾತ್ರಿ ಯಾರ ಮನೆಯಲ್ಲಿರುತ್ತದೆ ಎಂದು ಕೇಳುವ ಕೋರ್ಸ್ ಇನ್ನೂ ಬಂದಿಲ್ಲ. ಆಯಮ್ಮ ಹೇಳಿದ ಮೇಲೆ ದಿನಾ ಸಂಜೆ ಫಾರ್ಮಸಿ ಮುಚ್ಚುವ ಮುಂಚೆ ಎರಡು ಆಂಪ್ಯೂಲ್ ಈಸಿಕೊಂಡು ಐಸ್‌ಪ್ಯಾಕ್ ಇಟ್ಟ ಲಸಿಕೆ ಡಬ್ಬಿಯಲ್ಲಿ ಇಟ್ಟುಕೊಳ್ಳತೊಡಗಿದೆ. ಡಾಕ್ಟರಮ್ಮನಿಗೆ ಹೇಳಿ ಇನ್ನೊಂದು ಬೀಗದ ಕೈ ಮಾಡಿಸಿಕೊಳ್ಳಲು ಮಳೆಗಾಲ ಬಂತು.

ಆ ಮಳೆಗಾಲದ ಶುರುವಿನಲ್ಲೇ ಆ ರಾತ್ರಿ.

ಎರಡನೇ ಹೆರಿಗೆ, ಹತ್ತಿರದ ಹಟ್ಟಿಯ ಹೆಣ್ಣುಮಗಳು. ಬಿತ್ತನೆ ದಿನ, ಗಂಡ ಹೊಲದಲ್ಲಿ ಮಲಗಿದ್ದ. ಅತ್ತೆ ಮತ್ತು ಆಶಾ ಅಕ್ಕ ಕರೆತಂದಿದ್ದರು. ಕೂಸು ಸಲೀಸಾಗಿ ಬಂತು, ಸೂಜಿ ಕೊಟ್ಟೆ, ಕಸವೂ ಪೂರ್ತಿ ಬಿತ್ತು. ಹಗ್ಗ ಹರಿದಂತೆ ರಕ್ತ ಶುರುವಾದದ್ದು ಅದರ ಮೇಲೆ. ಡಾಕ್ಟರಮ್ಮ ಆ ದಿನ ಜಿಲ್ಲಾ ಕೋವಿಡ್ ಡ್ಯೂಟಿಯಲ್ಲಿ. 108ಕ್ಕೆ ಆಶಾ ಅಕ್ಕ ಫೋನ್ ಹಚ್ಚಿದರು. ಗಾಡಿ ಇನ್ನೊಂದು ಕೇಸಿಗೆ ಹೋಗಿದೆ, ಬರುತ್ತದೆ ಎಂದರು. ದಾವಣಗೆರೆಯ ದೊಡ್ಡಾಸ್ಪತ್ರೆ ಮುಟ್ಟಬೇಕಾದರೆ ಗಾಡಿ ಸಿಕ್ಕ ಮೇಲೂ ಮುಕ್ಕಾಲು ತಾಸಿನ ಹಾದಿ.

ಕೋರ್ಸ್ ಮಾಡಿದ್ದೆ. ಸರ್ಟಿಫಿಕೇಟ್ ಫೋನಿನಲ್ಲಿತ್ತು. ಕ್ರಮ ಬಾಯಿಪಾಠವಿತ್ತು: ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜು, ಮೂತ್ರ ತೆಗೆ, ಡ್ರಿಪ್ ಹಚ್ಚಿ ಅದರಲ್ಲಿ ಆಕ್ಸಿಟೋಸಿನ್ ಹಾಕು, ಹರಿದಿದೆಯೇ ನೋಡು. ಒಂದೊಂದನ್ನೂ ಮಾಡಿದೆ. ಆಯಮ್ಮ ಟಾರ್ಚ್ ಹಿಡಿದಿದ್ದರು. ಪಾಠದಲ್ಲಿ ಹೇಳಿದ್ದು, ಗರ್ಭಕೋಶ ಗಟ್ಟಿಯಾಗುವವರೆಗೆ ಉಜ್ಜಿ ಎಂದು. ನನ್ನ ಕೈಕೆಳಗೆ ಇದ್ದದ್ದು ಗಟ್ಟಿಯೋ, ಮೆತ್ತಗೋ? ಬಣ್ಣದ ಚಿತ್ರದಲ್ಲಿ ಅದು ಸ್ಪಷ್ಟವಾಗಿತ್ತು. ಕೈಗೆ ಗೊತ್ತಾಗಲಿಲ್ಲ. ಕೈ ಅದನ್ನು ಎಂದೂ ಕಲಿತಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು "ಯವ್ವಾ, ಏನಾತ್ರೀ?" ಎಂದು ಒಂದೇ ಸಮ ಕೇಳುತ್ತಿದ್ದಳು.

ನರ್ಸಿಂಗ್ ಓದುವಾಗ ನಮಗೆ ಲೇಬರ್ ವಾರ್ಡಿನಲ್ಲಿ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರಿದ್ದರು, ಅಕ್ಕ ಎಂದೇ ಕರೆಯುತ್ತಿದ್ದೆವು. ಆಶಾ ಅಕ್ಕನ ಕೈಲಿ ಅವರಿಗೆ ಫೋನ್ ಮಾಡಿಸಿ ಸ್ಪೀಕರಿಗೆ ಹಾಕಿಸಿದೆ. ನಡುರಾತ್ರಿ ದಾಟಿತ್ತು. ಎರಡನೇ ರಿಂಗಿಗೇ ಎತ್ತಿದರು. ಯಾರು, ಯಾಕೆ ಎಂದು ಕೇಳಲಿಲ್ಲ.

"ತಂಗಿ, ಮೊದಲು ನಿನ್ನ ಮೂಗಿನ ತುದಿ ನೆನಸ್ಕೋ. ಹಂಗೈತಾ ಕೈಯಾಗ? ಹಂಗಿದ್ರೆ ಇನ್ನೂ ಮೆತ್ತಗೈತಿ, ಬಿಡಬ್ಯಾಡ. ಹಣೆ ಹಂಗ ಗಟ್ಟಿ ಆಗೋತನ ಬಿಡಬ್ಯಾಡ."

ಆಮೇಲೆ ಒಳಗೊಂದು ಮುಷ್ಟಿ, ಹೊಟ್ಟೆಯ ಮೇಲೊಂದು ಕೈ, ಎರಡರ ನಡುವೆ ಒತ್ತಿ ಹಿಡಿಯುವುದನ್ನು ಹೇಳಿಕೊಟ್ಟರು. ಇದರ ವಿಡಿಯೋವನ್ನೂ ನೋಡಿದ್ದೆ. ಎಷ್ಟು ಹೊತ್ತು, ಎಷ್ಟು ಬಲ, ತೋಳು ನಡುಗಿದಾಗ ಹೇಗೆ ನಿಲ್ಲಬೇಕು ಎಂದು ಹೇಳಿದ್ದು ಅವರು. "ಮಂಚದ ಹತ್ತಿರ ಸ್ಟೂಲ್ ಹಾಕ್ಕೊಂಡು ಮ್ಯಾಲೆ ನಿಲ್ಲು, ಮೈಭಾರ ಹಾಕು, ತೋಳಿನ ಬಲ ಸಾಲಂಗಿಲ್ಲ." ಆಯಮ್ಮ ಸ್ಟೂಲ್ ಎಳೆದರು. ಹಣೆಯಷ್ಟು ಗಟ್ಟಿಯಾದದ್ದು ನನ್ನ ಕೈಗೇ ತಿಳಿಯಿತು. ಆ ತಿಳಿವಳಿಕೆ ಇವತ್ತಿಗೂ ಕೈಯಲ್ಲೇ ಇದೆ. 108 ಬಂದ ಮೇಲೆ ಅದರಲ್ಲೇ ಕೂತು ದಾವಣಗೆರೆವರೆಗೆ ಹೋದೆ. ಆ ತಾಯಿಗೆ ರಕ್ತ ಕೊಟ್ಟರು, ಉಳಿದಳು. ನಮ್ಮ ದೇಶದಲ್ಲಿ ಬಾಣಂತಿ ಸಾವುಗಳಿಗೆ ಈಗಲೂ ರಕ್ತಸ್ರಾವವೇ ದೊಡ್ಡ ಕಾರಣ. ಒಂದೆರಡು ತಾಸಿನಲ್ಲೇ ಆಗಿಹೋಗಬಹುದಾದ ಸಾವು ಅದು.

ವಾಪಸು ಬಂದ ಮೇಲೆ ನನಗೆ ಜ್ವರ. ಕೋವಿಡ್ ಅಲ್ಲ, ಹೆದರಿಕೆಯದು. ಕೆಲಸ ಬಿಡುವ ಪತ್ರವನ್ನು ಫೋನಿನಲ್ಲೇ ಬರೆದಿಟ್ಟೆ. ಆ ವಾರದ ಲಿಂಕು ಎಂದಿನಂತೆ ಬಂದಿತ್ತು, ಬಾಕಿ ಇರುವವರ ಪಟ್ಟಿಯಲ್ಲಿ ನನ್ನ ಹೆಸರು ಕೆಂಪು ಬಣ್ಣದಲ್ಲಿತ್ತು. ಆ ರಾತ್ರಿ ಏನಾಯಿತು ಎಂದು ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಆ ಗ್ರೂಪು ಇದ್ದದ್ದಲ್ಲ. ಅಡ್ಮಿನ್ ಮಾತ್ರ ಬರೆಯಬಹುದಾದ ಗ್ರೂಪು ಅದು. ನನ್ನ ಜೊತೆ ಸೇರಿದ್ದವಳೊಬ್ಬಳು ಆ ತಿಂಗಳೇ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೊರಟಳು. ಆಗ ನಗರಗಳಲ್ಲಿ ನರ್ಸ್‌ಗಳಿಗೆ ಬೇಡಿಕೆಯೋ ಬೇಡಿಕೆ, ಎರಡರಷ್ಟು ಸಂಬಳ. ಲ್ಯಾಬಿನ ಹುಡುಗನೂ ಹೋದ. ನೂರಕ್ಕೆ ನೂರು ತರಬೇತಿ ಪಡೆದವರೇ ಎಲ್ಲರೂ.

ನನ್ನನ್ನು ಹಿಡಿದಿಟ್ಟದ್ದು ಅಕ್ಕ. ಬಿಡಬೇಡ ಎಂದು ಬುದ್ಧಿ ಹೇಳಲಿಲ್ಲ. "ಬುಧವಾರ ಮಧ್ಯಾಹ್ನ ಮೂರಕ್ಕೆ ವಿಡಿಯೋ ಕಾಲಿಗೆ ಬಾ, ಅವತ್ತಿನ ಕೇಸು ಎಲ್ಲರಿಗೂ ಹೇಳು" ಎಂದರು, ಅಷ್ಟೆ. ಗುರುವಾರ ಲಸಿಕೆ, ಒಂಬತ್ತನೇ ತಾರೀಕು ಬಸುರಿಯರ ತಪಾಸಣೆ, ಆದ್ದರಿಂದ ಬುಧವಾರ. ಚನ್ನಗಿರಿ ಕಡೆಯವಳೊಬ್ಬಳು, ಹೊನ್ನಾಳಿ ಕಡೆಯ ಇಬ್ಬರು, ಜಗಳೂರಿನವರು ನಾವು ಮೂವರೋ ನಾಲ್ವರೋ, ಎಲ್ಲ ಅವರ ಹಳೆಯ ವಿದ್ಯಾರ್ಥಿನಿಯರೇ. ಆದೇಶವಿಲ್ಲ, ಹಾಜರಾತಿಯಿಲ್ಲ, ಸರ್ಟಿಫಿಕೇಟಂತೂ ಇಲ್ಲವೇ ಇಲ್ಲ. ವಾರಕ್ಕೊಬ್ಬರು ತಮ್ಮ ಕೇಸು ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು, ಕೊನೆಗೆ ಅಕ್ಕ ಮಾತಾಡುತ್ತಿದ್ದರು. ವಿಡಿಯೋ ಹಿಡಿಯದಿದ್ದರೆ ಬರಿಯ ದನಿ. ಬಿಪಿ ಏರಿ ಫಿಟ್ಸ್ ಬಂದವಳಿಗೆ ರೆಫರ್ ಮಾಡುವ ಮುಂಚೆ ಮೆಗ್ನೀಸಿಯಂ ಸಲ್ಫೇಟ್ ಎರಡೂ ಕುಂಡಿಗೆ 5 ಗ್ರಾಮಿನಂತೆ ಕೊಟ್ಟು ಕಳಿಸಬೇಕು ಎಂದು ಪುಸ್ತಕದಲ್ಲಿದೆ. ಅಷ್ಟು ಮದ್ದು ಚುಚ್ಚಲು ಹೆದರಿ ಹಾಗೇ ಕಳಿಸಿಬಿಡುವ ನರ್ಸ್‌ಗಳು ಎಷ್ಟೋ ಜನ. ಹೊನ್ನಾಳಿಯವಳು ತಾನು ಕೊಟ್ಟದ್ದನ್ನು ಹೇಳಿದ ಮೇಲೆ ನಮ್ಮೆಲ್ಲರ ಹೆದರಿಕೆ ಹೋಯಿತು. ಒಂದು ಬುಧವಾರ ಅಕ್ಕ ಹಳೆ ಸೀರೆ ತುಂಡಿನಲ್ಲಿ ಗರ್ಭಕೋಶ ಹೊಲಿದು ಅರಳೆ ತುಂಬಿ ತೋರಿಸಿದರು. ಮರುದಿನವೇ ನಮ್ಮ ಆಯಮ್ಮ ಅದಕ್ಕಿಂತ ಚಂದದ್ದೊಂದು ಹೊಲಿದು ತಂದರು. ಮಧ್ಯಾಹ್ನ ಬಿಡುವಾದಾಗ ಅದರ ಮೇಲೆ ಕೈ ಪಳಗಿಸುತ್ತಿದ್ದೆವು.

ಇದು ಅಕ್ಕ ಕಂಡುಹಿಡಿದ ಪದ್ಧತಿಯೇನಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ ಎಂಬ ವೈದ್ಯರು 2003ರಲ್ಲಿ 'ಎಕೋ' ಎಂದು ಶುರುಮಾಡಿದ್ದು ಇಂಥದ್ದನ್ನೇ. ದೂರದೂರಿನ ವೈದ್ಯರು ವಾರಕ್ಕೊಮ್ಮೆ ತೆರೆಯ ಮೇಲೆ ಸೇರಿ ತಮ್ಮ ರೋಗಿಗಳ ವಿಷಯವನ್ನು ತಜ್ಞರ ಮುಂದಿಡುವುದು, ಪರಸ್ಪರ ಕಲಿಯುವುದು. ನಮ್ಮ ನಿಮ್ಹಾನ್ಸ್ ಅದನ್ನು ಮನೋರೋಗ, ಕುಡಿತದ ಚಿಕಿತ್ಸೆಗೆ ತಂದಿತು, 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನೇ ತೆರೆಯಿತು. ಮನುಷ್ಯರನ್ನೇ ಕಳಿಸಿದ ಉದಾಹರಣೆ ಇನ್ನೂ ಹತ್ತಿರದ್ದು. ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಕೂಡ್ಲಿಗಿ, ಆಗ ಬಳ್ಳಾರಿ ಜಿಲ್ಲೆ. ಬಳ್ಳಾರಿ, ಕಲಬುರಗಿ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ಹೋದ ದಶಕದಲ್ಲಿ 'ಸುಕ್ಷೇಮ' ಯೋಜನೆ ನಡೆದಾಗ, ತರಬೇತಾದ ಹಿರಿಯ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಲೇಬರ್ ರೂಮಿನಲ್ಲಿ ಜೊತೆಗೆ ನಿಂತು ಕಲಿಸಿದರು. ಬಳ್ಳಾರಿ, ಕಲಬುರಗಿಗಳಲ್ಲಿ ಅದನ್ನು ಅಧ್ಯಯನ ಮಾಡಿ ನೋಡಿದಾಗ ನರ್ಸ್‌ಗಳ ತಿಳಿವಳಿಕೆ, ಹೆರಿಗೆಯ ತೊಡಕಿಗೆ ತಯಾರಿ ಎರಡೂ ಸುಧಾರಿಸಿದ್ದು ಕಂಡಿತು. ಕೂಡ್ಲಿಗಿಯಿಂದ ಬಿಳಿಚೋಡು ಎಷ್ಟು ದೂರ ಹೇಳಿ!

ಬುಧವಾರದ ವಿಡಿಯೋ ಕಾಲ್‌ನಿಂದ ಎಲ್ಲರೂ ಉಳಿದರು ಎಂದರೆ ಸುಳ್ಳಾಗುತ್ತದೆ. ಚನ್ನಗಿರಿಯವಳು ಹೋದಳು. ಮಗುವನ್ನು ಶಾಲೆಗೆ ಹಾಕಬೇಕಿತ್ತು, ಕ್ವಾರ್ಟರ್ಸ್‌ನ ಮಾಡು ಸೋರುತ್ತಿತ್ತು, ಗುತ್ತಿಗೆ ಕಾಯಂ ಆಗುವ ಸೂಚನೆ ಇರಲಿಲ್ಲ. ಅದಕ್ಕೆ ಯಾವ ತರಬೇತಿಯೂ ಮದ್ದಲ್ಲ. ಹಳ್ಳಿಯಲ್ಲಿ ಆರೋಗ್ಯ ಸಿಬ್ಬಂದಿ ಉಳಿಯಬೇಕಾದರೆ ಏನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಶಿಕ್ಷಣ ಒಂದು ಪಾಲು ಮಾತ್ರ. ನಿಯಮ, ಹಣ, ಬದುಕಿಗೆ ಮತ್ತು ವೃತ್ತಿಗೆ ಆಸರೆ ಉಳಿದ ಪಾಲುಗಳು. ಅಗ್ಗವಾದದ್ದು ಲಿಂಕ್, ಆದ್ದರಿಂದ ಅದೊಂದೇ ನಮಗೆ ಬರುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ.

2021ರ ಮೇ ತಿಂಗಳ ಎರಡನೇ ಅಲೆಯನ್ನು ಹೆಚ್ಚು ಹೇಳುವುದಿಲ್ಲ, ಎಲ್ಲರೂ ಕಂಡದ್ದೇ. ಉಸಿರಿಗೆ ಒದ್ದಾಡುವವರನ್ನು ಬೋರಲು ಮಲಗಿಸಿ ಬೆಡ್ ಸಿಗುವವರೆಗೆ ಕಾದೆವು. ನನಗೂ ಬಂತು, ಆಯಮ್ಮನಿಗೂ ಬಂತು, ಇಬ್ಬರೂ ಎದ್ದೆವು. ಆ ತಿಂಗಳಲ್ಲಿ ಬುಧವಾರದ ಕಾಲ್ ದಿನಾಲೂ ನಡೆಯುವ ಕಾಲ್ ಆಯಿತು. ಪಾಠ ನಡೆಯುತ್ತಿರಲಿಲ್ಲ. ಒಬ್ಬಳು ಅಳುತ್ತಿದ್ದಳು, ಉಳಿದವರು ಫೋನ್ ಇಡದೆ ಕೂತಿರುತ್ತಿದ್ದೆವು. ಬರೆದಿಟ್ಟ ರಾಜೀನಾಮೆ ಪತ್ರ ಫೋನಿನಲ್ಲೇ ಉಳಿಯಿತು. ಫೋನ್ ಕೆಟ್ಟಾಗ ಅದರ ಜೊತೆಗೇ ಹೋಯಿತು.

ಈಗ ನಾನು ಹೊಸಬರಿಗೆ ಹೇಳಿಕೊಡುವ ಜಾಗದಲ್ಲಿದ್ದೇನೆ. ತರಬೇತಿಯ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಆನ್‌ಲೈನ್ ಪಾಠ ಕಳಿಸಿ, ಬೇಡ ಎನ್ನುವುದಿಲ್ಲ. ಕನ್ನಡದಲ್ಲಿ ಕಳಿಸಿ, ನೆಟ್‌ವರ್ಕ್ ಇಲ್ಲದಾಗಲೂ ನೋಡುವಂತೆ ಕಳಿಸಿ. ಅದನ್ನು ನೋಡುವ ಗಂಟೆಯನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ, ಡೇಟಾದ ದುಡ್ಡು ಕೊಡಿ. ಮೊದಲ ವಾರ ಹೊಸಬಳನ್ನು ಒಬ್ಬಳೇ ರಾತ್ರಿಗೆ ಹಾಕಬೇಡಿ. ಕೇಂದ್ರವನ್ನು ತಿಳಿದವರ ಜೊತೆ ಓಡಾಡಲು ಬಿಡಿ, ಅವರು ಆಯಮ್ಮನೇ ಆಗಿರಲಿ. ಲಿಂಕಿನ ಕೆಳಗೆ ಒಬ್ಬ ಹಿರಿಯ ನರ್ಸ್‌ನ ಹೆಸರು, ಫೋನ್ ನಂಬರ್ ಬರೆಯಿರಿ. ಆ ಫೋನು ರಾತ್ರಿ ಎರಡು ಗಂಟೆಗೂ ಎತ್ತುವವರದ್ದಾಗಿರಲಿ. ಅಕ್ಕನಂಥವರು ಇದನ್ನು ಬಿಟ್ಟಿಯಾಗಿ ಮಾಡುತ್ತಲೇ ಇರುತ್ತಾರೆ ಎಂದುಕೊಳ್ಳಬೇಡಿ, ಅವರಿಗೆ ಅದಕ್ಕೆ ಭತ್ಯೆ ಕೊಡಿ.